ಒಂದು ಮರದ ಜೇನು

"ಗುರುಗಳೇ, ನನಗಂತೂ ಸಾಕಾಗಿಹೋಗಿದೆ. ಎದುರಿನವನು ಏನು ಮಾಡುತ್ತಾನೆಂದು ಮೊದಲೇ ತಿಳಿಯುವ ವಿದ್ಯೆ ಯಾವುದಾದರೂ ಇದೆಯೇ?" ಎಂದು ಶಿಷ್ಯ ನಿಜಗುಣ ಕೇಳಿದ.

ಪೂಜೆಗೆ ಹೂ ತರುವ ಪುಣ್ಯಕ್ಕಾಗಿ ಅವನಿಗೂ ಪಕ್ಕದ ಕೋಣೆಯ ಸೋಮಯ್ಯನಿಗೂ ಪೈಪೋಟಿ. ಇವನು ಬೇಗ ಎದ್ದರೆ ಅವನು ಇನ್ನೂ ಬೇಗ ಏಳುತ್ತಿದ್ದ. ಅಂದು ಗೆದ್ದವನು ನಿಜಗುಣ. ಬುಟ್ಟಿಯ ತುಂಬ ಅರಳದ ಮೊಗ್ಗುಗಳು.

ಗುರುಗಳು ಬುಟ್ಟಿ ನೋಡಿ ನಿಟ್ಟುಸಿರಿಟ್ಟರು. "ಇದೆಯಪ್ಪ. ಪಗಡೆ, ಚದುರಂಗದಂಥ ಆಟಗಳನ್ನು ನೋಡಿ ನೋಡಿ ಹುಟ್ಟಿದ ವಿದ್ಯೆ. ನಾನು ಹೀಗೆ ನಡೆಸಿದರೆ ಅವನು ಹೇಗೆ ನಡೆಸಿಯಾನು ಎಂಬ ಲೆಕ್ಕ. ದಂಡೆತ್ತುವ ದೊರೆಗೂ ಬೇಕು, ಬೆಲೆ ಕಟ್ಟುವ ವರ್ತಕನಿಗೂ ಬೇಕು. ಇಬ್ಬರು ಜೇನುಗಾರರಿಗೂ ಅದು ಚೆನ್ನಾಗಿ ಬರುತ್ತಿತ್ತು, ಕೇಳು" ಎಂದರು.

ಕಾಡಿನಲ್ಲಿ ಒಂದು ಜೇನುಮರ. ಅಮಾವಾಸ್ಯೆಯ ದಿನ ಇಬ್ಬರೂ ಕೂಡಿ ಹತ್ತಿ, ಸಮವಾಗಿ ಹಂಚಿಕೊಳ್ಳುವುದು ಹಿರಿಯರ ಕಾಲದ ಕಟ್ಟಳೆ. ಅದಕ್ಕೆ ಮುಂಚೆ ಗೂಡಿನ ಎರಿಯಲ್ಲಿ ಜೇನುತುಪ್ಪ ತುಂಬದು. ಆ ವರ್ಷ ಒಬ್ಬನ ಮಗಳು ಜ್ವರದಿಂದ ಎದ್ದಿದ್ದಳು. ಬೆಟ್ಟದ ದೇವರಿಗೆ ಒಂದು ಕೊಡ ಜೇನಿನ ಅಭಿಷೇಕವೆಂದು ಹೆಂಡತಿ ಹರಕೆ ಹೊತ್ತಿದ್ದಳು.

ಆ ಮಗಳ ತಂದೆ ಒಂದು ದಿನ, ಇನ್ನೊಬ್ಬ ಜೇನುಗಾರ ಆಗಲೇ ಮರ ಹತ್ತುವ ಹಗ್ಗ ಹೊಸೆಯುವುದನ್ನು ಕಂಡ. ಜೊತೆಗಾರ ಮುಂಚೆಯೇ ಹತ್ತಿಬಿಟ್ಟರೆ ಹರಕೆಯ ಗತಿಯೇನು? ಅಮಾವಾಸ್ಯೆಯ ಹಿಂದಿನ ದಿನವೇ ಹೋಗಿಬಿಡೋಣ ಎಂದುಕೊಂಡ. ಆದರೆ ಇದು ಅವನಿಗೂ ಹೊಳೆದಿರುವುದಿಲ್ಲವೇ? ಹಾಗಾದರೆ ಎರಡು ದಿನ ಮುಂಚೆ. ಅದೂ ಹೊಳೆದಿದ್ದರೆ? ಹೀಗೆ ಹಿಂದೆ ಹಿಂದೆ ಸರಿದು, ಲೆಕ್ಕ ನಾಳೆ ಬೆಳಿಗ್ಗೆಗೆ ಬಂದು ನಿಂತಿತು.

ಬೆಳಿಗ್ಗೆ ಮರದ ಬುಡಕ್ಕೆ ಬಂದರೆ ಇನ್ನೊಬ್ಬನೂ ಹೊಗೆಯ ಸೂಡಿ ಹಿಡಿದು ನಿಂತಿದ್ದ.

"ಅಲ್ಲ ಮಾರಾಯ, ನಾನು ಕಾಯುವವನೇ. ನೀನು ಮೊದಲು ಬರುತ್ತೀಯೆಂದು ಬಂದೆ" ಎಂದ ಹರಕೆಯವನು.

"ನಾನು ಮತ್ಯಾಕೆ ಬಂದೆ ಅಂದುಕೊಂಡೆ?"

ಬಂದದ್ದಾಯಿತು, ಬಿಟ್ಟು ಹೋಗಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಹತ್ತಿದರು, ಕೊಯ್ದರು. ಎರಿಯ ತುಂಬ ಮರಿಹುಳುಗಳು. ಅಂಗೈ ನೆನೆಯುವಷ್ಟೂ ತುಪ್ಪವಿಲ್ಲ. ಜೇನುನೊಣಗಳು ಮರ ಬಿಟ್ಟು ಹೋದವು. ಮನೆಯಲ್ಲಿ ಹರಕೆ ಹೊತ್ತ ಹೆಂಡತಿ ಬರಿಗೊಡ ಮುಂದಿಟ್ಟು, "ನಿಮ್ಮ ಬುದ್ಧಿವಂತಿಕೆಯನ್ನೇ ಇದರಲ್ಲಿ ತುಂಬಿಕೊಡಿ, ಸ್ವಾಮಿಗೆ ಎರೆದು ಬರುತ್ತೇನೆ" ಎಂದಳು.

ಕತೆ ನಿಂತಿತು. ದೇವರ ಮುಂದಿನ ದೀಪಕ್ಕೆ ಗುರುಗಳು ಎಣ್ಣೆ ಹಾಕಿದರು.

"ಇಬ್ಬರಲ್ಲಿ ಯಾರ ಲೆಕ್ಕ ತಪ್ಪಿತು, ಗುರುಗಳೇ?" ಎಂದು ನಿಜಗುಣ ಕೇಳಿದ.

"ಯಾರದೂ ತಪ್ಪಲಿಲ್ಲವಪ್ಪ. ಆದರೆ ಇಬ್ಬರ ಗುಡಿಸಲುಗಳ ನಡುವೆ ಇದ್ದದ್ದು ಒಂದೇ ಕೂಗಳತೆ ದೂರ; ಒಬ್ಬನೂ ಕೂಗಿ ಕೇಳಲಿಲ್ಲ."