ಬೂದಿಯಿಲ್ಲದ ಚಪ್ಪಲಿ

ಯಾರು ಫೋಟೊ ತಂದುಕೊಟ್ಟರೂ ಗುರುಗಳು ಅದನ್ನು ಮೊದಲು ತಲೆಕೆಳಗು ಮಾಡಿ ನೋಡುತ್ತಿದ್ದರು.

ಹೊಳೆಯಾಚೆ ಯುದ್ಧ ನಿಂತು ಹದಿನೈದು ದಿನವಾಗಿತ್ತು. ಶಿಷ್ಯ ಇಂದುಧರ ಅಲ್ಲಿನ ಸುಟ್ಟ ಊರುಗಳ ಫೋಟೊ ತೆಗೆದು ಆಶ್ರಮಕ್ಕೆ ಮರಳಿದ್ದ. ಒಂದು ಫೋಟೊ ಪೇಪರಿನ ಮುಖಪುಟದಲ್ಲೇ ಬಂದಿತ್ತು. ಕುಸಿದ ಮನೆ, ಹೊಸ್ತಿಲ ಮುಂದೆ ಮಗುವಿನ ಒಂದು ಕೆಂಪು ಚಪ್ಪಲಿ.

ಗುರುಗಳು ಅದನ್ನೂ ತಿರುಗಿಸಿ ಹಿಡಿದರು.

“ಹೊಸ್ತಿಲ ತುಂಬ ಬೂದಿ.”

“ಊರೆಲ್ಲ ಬೂದಿಯೇ, ಗುರುಗಳೇ.”

“ಚಪ್ಪಲಿ ಮೇಲಿಲ್ಲ.”

“ಗಾಳಿ ಬೀಸಿರಬೇಕು.”

“ಚಪ್ಪಲಿಗೆ ಮಾತ್ರವೇ?”

ಇಂದುಧರ ನಕ್ಕ. “ನೀವು ಪೊಲೀಸ್ ಆಗಬೇಕಿತ್ತು.”

“ಮೂವತ್ತು ವರ್ಷ ನಾನೂ ನಿನ್ನ ಹಾಗೇ ಕ್ಯಾಮೆರಾ ಹಿಡಿದು ಯುದ್ಧದ ಹಿಂದೆ ಅಲೆದವನು ಕಣಯ್ಯ. ಕೈಯ ಚಪಲ ನನಗೆ ಗೊತ್ತು.”

ಈಗ ಇಂದುಧರನಿಗೆ ಗುರುಗಳ ಮೇಲೇ ಅನುಮಾನ ಬಂತು. ಇವರ ಯಾವ ಫೋಟೊ ಮುಖಪುಟದಲ್ಲಿ ಬಂದಿತ್ತು? ಹೊಟ್ಟೆಕಿಚ್ಚೇ ಇರಬೇಕು.

ಗುರುಗಳು ಫೋಟೊದಿಂದ ಕಣ್ಣು ಕೀಳಲಿಲ್ಲ.

“ಸರಿ, ನಾನೇ ತಂದಿಟ್ಟೆ,” ಅಂದ ಕೊನೆಗೆ. “ಒರೆಸಿ ಇಟ್ಟೆ. ಬೂದಿಯಲ್ಲಿ ಬಣ್ಣವೇ ಕಾಣುತ್ತಿರಲಿಲ್ಲ. ಅದರಿಂದ ಯಾರಿಗೇನಾಯ್ತು? ಜನ ನೋಡಿ ಅತ್ತರು. ಅಕ್ಕಿ, ಕಂಬಳಿ ಕಳಿಸಿದರು.”

“ಎಲ್ಲಿ ಬಿದ್ದಿತ್ತು?”

“ಹಿತ್ತಲಿನಾಚೆ ಎಲ್ಲೋ. ಕಾಡಿಗೆ ಹೋಗುವ ದಾರಿಯಲ್ಲಿ.”

ಗುರುಗಳು ಎದ್ದರು. ಅವನ ಕೈ ಹಿಡಿದು ಜಗಲಿಗೆ ಕರೆದುಕೊಂಡು ಹೋದರು.

ಅಲ್ಲೊಬ್ಬ ಹೆಂಗಸು ಕೂತಿದ್ದಳು. ಮಡಿಲಲ್ಲಿ ಅದೇ ಪೇಪರು. ಬೆರಳಿನ ಉಗುರುಗಳೆಲ್ಲ ಮುರಿದಿದ್ದವು.

“ಇವರು ಸಬೀಹಾ. ಅದು ಇವರ ಮನೆ. ಊರು ಬಿಟ್ಟು ಓಡುವಾಗ ಮಗು ಕೈತಪ್ಪಿತಂತೆ. ಶಿಬಿರದಲ್ಲಿ ನಿನ್ನ ಫೋಟೊ ನೋಡಿ ವಾಪಸು ಹೋಗಿದ್ದಾರೆ. ನಾಲ್ಕು ದಿನ ಆ ಮನೆಯನ್ನೇ ಅಗೆದು, ಈಗ ನಿನ್ನನ್ನು ಹುಡುಕಿಕೊಂಡು ಬಂದಿದ್ದಾರೆ.”

ಹೆಂಗಸು ಇಂದುಧರನನ್ನು ನೋಡಿ ಎದ್ದು ನಿಂತಳು.

“ಫೋಟೊ ತೆಗೆದವರು ನೀವೇನಾ ಅಣ್ಣಾ? ನನ್ನ ಮಗಳು ಒಳಗೇ ಇದ್ದಾಳೆ ಅಲ್ವಾ? ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಾ ಅಂತ ನಾನೇ ಕಲಿಸಿದ್ದು. ಒಂದು ದಿನವೂ ತಪ್ಪಿಸಿದವಳಲ್ಲ. ಆದರೆ ಎಷ್ಟು ಅಗೆದರೂ ಸಿಗ್ತಾ ಇಲ್ಲ.”

ಇಂದುಧರ ಅವಳ ಬೆರಳುಗಳನ್ನು ನೋಡಿದ. ಆಮೇಲೆ ಹೊಳೆಯ ಕಡೆ.

ಗುರುಗಳು ಅವನ ಕೈ ಬಿಡಲಿಲ್ಲ.

“ಚಪ್ಪಲಿ ಎಲ್ಲಿ ಬಿದ್ದಿತ್ತು ಅಂತ ಇವರಿಗೂ ಹೇಳಪ್ಪ.”