ಆಲ್ಬನ್‌ನ ಪಾಲಿನ ಹೊಸಕ್ಕಿ ಹಾಲು

ಒಂದು ಊಹೆ ಮಾಡಿ ನೋಡೋಣ. ಅಮ್ಮನ ಕೈಯಲ್ಲಿ ಹೊಸ ಅಕ್ಕಿಯ ಹಾಲಿನ ಲೋಟ. ಎದುರಿಗೆ, ಕುಡಿಯುವುದಿಲ್ಲ ಎಂದು ಬ್ಯಾಗು ಹೆಗಲಿಗೇರಿಸಿದ ಕಿರಿಮಗ. ಬಾಗಿಲಲ್ಲಿ, ಕುಡಿಯದಿದ್ದರೆ ಹೊರಡು ಎಂದು ನಿಂತ ಹಿರಿಮಗ. ಮುಂದೆ ಏನಾಗಿರಬಹುದು? ಅವಸರ ಬೇಡ, ಮೊದಲಿನಿಂದಲೇ ಹೇಳುತ್ತೇನೆ. ಇಂಥ ಕಥೆಯನ್ನು ಅರ್ಧದಿಂದ ಹೇಳಿದರೆ ಉಪ್ಪಿಲ್ಲದ ಸಾರು ಬಡಿಸಿದ ಹಾಗೆ.

ಬಜಪೆಯ ಕಡೆ ನತಾಲಿಬಾಯಿ ಎಂಬ ಕ್ರೈಸ್ತ ವಿಧವೆ ಇದ್ದರು. ಹಿರಿಮಗ ಗ್ರೇಷನ್, ಕಿರಿಮಗ ಆಲ್ಬನ್. ಮಗಳು ಮದುವೆಯಾಗಿ ಮುಂಬಯಿಯಲ್ಲಿ. ಮಾತೆ ಮರಿಯಮ್ಮನ ಹುಟ್ಟುಹಬ್ಬದ ದಿನವೇ ಅಲ್ಲಿಯ ಕ್ರೈಸ್ತರಿಗೆ ತೆನೆಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಅರೆದು, ತೆಂಗಿನ ಹಾಲು ಬೆಲ್ಲದಲ್ಲಿ ಬೆರೆಸುತ್ತಾರೆ. ಮನೆಯ ಹಿರಿಯರ ಕೈಯಿಂದ ಎಲ್ಲರೂ ಅದನ್ನು ಕುಡಿದ ಮೇಲೆಯೇ ಊಟಕ್ಕೆ ಕೂರುವುದು. ದೂರದಲ್ಲಿರುವವರ ಪಾಲನ್ನು ದೇವರ ಪೀಠದ ಮುಂದೆ ಮುಚ್ಚಿಡುವುದು ನತಾಲಿಬಾಯಿಯ ಮನೆಯ ಕ್ರಮ.

ಆ ವರ್ಷ ಆಲ್ಬನ್ ಒಂದು ಪ್ರಾರ್ಥನಾಕೂಟಕ್ಕೆ ಹೋಗತೊಡಗಿದ್ದ. ತೆನೆಹಬ್ಬ ನಮ್ಮ ಪೂರ್ವಿಕರು ಕ್ರಿಸ್ತನನ್ನು ಅರಿಯುವ ಮೊದಲಿನದು, ಬೆಳೆಗೇ ಕೈಮುಗಿಯುತ್ತಿದ್ದ ಕಾಲದ್ದು, ಅದನ್ನು ಮುಟ್ಟಿದರೆ ದೇವರಿಗೆ ದ್ರೋಹ ಎಂದು ಅವನ ಮನಸ್ಸಿಗೆ ನಾಟಿತ್ತು. ನಾಟಕವಲ್ಲ, ನಿಜವಾಗಿಯೂ ಹೆದರಿದ್ದ. ಗ್ರೇಷನ್‌ಗೆ ಮಾತ್ರ ಇದು ತೀರಿಕೊಂಡ ಅಪ್ಪನಿಗೆ ಮಾಡಿದ ಅವಮಾನವಾಗಿ ಕಂಡಿತು.

“ಕಳೆದ ವರ್ಷ ಎರಡು ಲೋಟ ಕುಡಿದವನು ನೀನೇ ಅಲ್ಲವಾ? ಆಗ ನಿನ್ನ ದೇವರು ಮಲಗಿದ್ದನಾ?” ಎಂದು ಕುಟುಕಿದ.

“ಆಗ ಗೊತ್ತಿರಲಿಲ್ಲ ಅಣ್ಣ. ಈಗ ಗೊತ್ತಿದ್ದೂ ಕುಡಿದರೆ ಅದು ಸುಳ್ಳು.”

“ಹಾಗಾದರೆ ಹೊರಡು. ಈ ಲೋಟ ಮುಟ್ಟದವನಿಗೆ ಈ ಮನೆಯಲ್ಲಿ ಎಲೆ ಇಲ್ಲ.”

ಆಲ್ಬನ್ ಬ್ಯಾಗು ಎತ್ತಿಯೇಬಿಟ್ಟ. ನತಾಲಿಬಾಯಿಗೆ ಇಬ್ಬರ ಹಟವೂ ಗೊತ್ತು. ಹೊಸ್ತಿಲು ದಾಟಿದವನು ತಾನಾಗಿ ಬರುವುದಿಲ್ಲ, ದಾಟಿಸಿದವನು ಕರೆಯುವುದಿಲ್ಲ. ಯಾರೂ ಅಲುಗಾಡಲಿಲ್ಲ. ಒಳಗೆ ಪಾಯಸ ತಳ ಹಿಡಿಯುತ್ತಿದ್ದ ವಾಸನೆ ಬಂದರೂ ಯಾರೂ ಹೋಗಿ ಇಳಿಸಲಿಲ್ಲ.

ನತಾಲಿಬಾಯಿ ಬೇಡಿಕೊಳ್ಳಲಿಲ್ಲ, ಅಳಲೂ ಇಲ್ಲ. ನೇರ ಪೀಠದ ಬಳಿಗೆ ಹೋಗಿ, ಮುಂಬಯಿಯ ಮಗಳ ಲೋಟದ ಪಕ್ಕದಲ್ಲಿ ಆಲ್ಬನ್‌ನ ಲೋಟವನ್ನೂ ಇಟ್ಟು ತಟ್ಟೆ ಮುಚ್ಚಿದರು. ಆಮೇಲೆ ಹಿರಿಮಗನ ಕಡೆ ತಿರುಗಿದರು.

“ನಿನ್ನ ತಂಗಿಯೂ ಇವತ್ತು ಕುಡಿದಿಲ್ಲ. ಅವಳನ್ನು ಮನೆಯಿಂದ ತೆಗೆದೆವಾ? ಇದು ದೇವರು ಕೊಟ್ಟ ಅನ್ನಕ್ಕೆ ಹೇಳುವ ಉಪಕಾರ, ಪುತಾ. ಇದಕ್ಕಾಗಿ ತಮ್ಮನನ್ನು ಹೊರಗೆ ಹಾಕಿದರೆ, ಆಗ ಈ ಲೋಟವೇ ವಿಗ್ರಹ.”

ಗ್ರೇಷನ್ ತಲೆ ತಗ್ಗಿಸಿದ. ಆಲ್ಬನ್ ಗೆದ್ದವನ ಹಾಗೆ ಎದೆ ಸೆಟೆಸಿದ. ಅಮ್ಮ ಅವನನ್ನೂ ಬಿಡಲಿಲ್ಲ.

“ನಿನಗೆ ಬೆಳಿಗ್ಗೆಯೇ ಬೇರೆ ಪಾತ್ರೆಯಲ್ಲಿ, ಹೊಸ ಅಕ್ಕಿ ಬೆರೆಸದೆ, ಹಳೆ ಅಕ್ಕಿಯ ಅನ್ನ ಮಾಡಿಟ್ಟಿದ್ದೇನೆ. ಆದರೆ ನಮ್ಮನ್ನು ನೋಡಿ ಮೂಗು ಮುರಿಯಬೇಡ. ಕುಡಿಯುವಾಗ ನಾವು ಯಾರಿಗೆ ಕೈಮುಗಿಯುತ್ತೇವೆ, ನಿನಗೆ ಗೊತ್ತಿಲ್ಲವಾ?”

ಆಲ್ಬನ್ ದೇವರ ಪೀಠದ ಕಡೆ ನೋಡಿದ. “ಗೊತ್ತು, ಮಾಂಯ್,” ಎಂದ.

ಈಗ ಹೇಳಿ, ಕುಡಿದನೇ? ಇಲ್ಲ, ಕುಡಿಯಲಿಲ್ಲ. ಆದರೆ ಬ್ಯಾಗು ಕೆಳಗಿಟ್ಟ. ಗ್ರೇಷನ್ ಬಾಗಿಲು ಬಿಟ್ಟು ಬಂದು ತನ್ನ ಪಕ್ಕದಲ್ಲೇ ಇನ್ನೊಂದು ಎಲೆ ಹಾಕಿದ. ತಮ್ಮನ ಮುಖ ನೋಡದೆಯೇ, “ಊಟದ ಪ್ರಾರ್ಥನೆ ನೀನೇ ಹೇಳು. ಚಿಕ್ಕದಾಗಿ ಹೇಳು ಮಾರಾಯ, ಹಸಿವಾಗಿದೆ,” ಎಂದ.

ನೀತಿ: ಆಚರಣೆಯ ಬೇರು ಎಲ್ಲಿಯದು ಎಂದು ಕೇಳುವುದು ತಪ್ಪಲ್ಲ. ಇವತ್ತು ಅದನ್ನು ಮಾಡುವವನ ಮನಸ್ಸು ಯಾರ ಕಡೆಗಿದೆ ಎಂದೂ ಕೇಳಬೇಕು. ಮನಸ್ಸಾಕ್ಷಿ ಒಪ್ಪದವನಿಗೂ ಪಂಕ್ತಿಯಲ್ಲಿ ಎಲೆ ಇರಲಿ. ಅವನೂ ಪಕ್ಕದ ಎಲೆಯನ್ನು ಹಳಿಯದಿರಲಿ.

ಪಾಯಸ ತಳ ಹಿಡಿದರೂ ಮನೆ ಒಡೆಯದೆ ಉಳಿದ ಆ ದಿನ 1983ರ ಸೆಪ್ಟೆಂಬರ್ ಎಂಟು, ಗುರುವಾರ.