ಗಂಟೆ ಬಾರಿಸದೆ ಹೋದವರು

ಹೊಳೆ ತಿರುವು ತೆಗೆದುಕೊಳ್ಳುವ ಕಡೆ ಒಂದು ಆಶ್ರಮ. ಅಲ್ಲಿ ಕಾಲಿನ ಹುಣ್ಣಿಗೆ ಎಣ್ಣೆ ಹಚ್ಚುತ್ತಿದ್ದರು.

ಹಚ್ಚುವವರು ರೇವಯ್ಯಜ್ಜ. ಎಣ್ಣೆ ಅವರ ಗುರುಗಳಿಂದ ಬಂದದ್ದು. ಸುತ್ತಿನ ಊರುಗಳಿಂದ ಜನ ಕುಂಟುತ್ತ ಬರುತ್ತಿದ್ದರು. ಹುಣ್ಣು ಮಾಯ್ದ ದಿನ ಬಾಗಿಲಿನ ಗಂಟೆ ಬಾರಿಸಿ ಮನೆಗೆ ಹೋಗುವುದು ಅಲ್ಲಿಯ ಪದ್ಧತಿ. ಗಂಟೆ ಕೇಳಿಸಿದರೆ ಅಡುಗೆಮನೆಯವರೂ ಸೌಟು ಕೆಳಗಿಟ್ಟು ಕೈ ಮುಗಿಯುತ್ತಿದ್ದರು.

ಶಿಷ್ಯ ಇಂದುಧರ ಡಾಕ್ಟರಿಕೆ ಓದಿ ಬಂದವನು. ಪಟ್ಟಣದ ಆಸ್ಪತ್ರೆಯ ಕೆಲಸ ಬಿಟ್ಟು ಅಜ್ಜನ ಹತ್ತಿರ ಬಂದು ಕೂತಿದ್ದ. ಆ ಆಶ್ರಮ ಬಿಟ್ಟರೆ ಅವನಿಗೆ ಬೇರೆ ನೆಲೆ ಬೇಕಿರಲಿಲ್ಲ. ಆದರೆ ಒಂದು ಹಟ ಇತ್ತು. ಈ ಎಣ್ಣೆಯ ಸಂಗತಿ ಆರೋಗ್ಯ ವಿಜ್ಞಾನದ ಪತ್ರಿಕೆಯೊಂದರಲ್ಲಿ ಅಚ್ಚಾಗಬೇಕು. ನಾಟಿ ಮದ್ದು ಅಂತ ನಕ್ಕ ದೊಡ್ಡ ಡಾಕ್ಟರುಗಳು ಅದನ್ನು ಓದಬೇಕು.

ಗಂಟೆ ಬಾರಿಸಿದ ಒಬ್ಬೊಬ್ಬರ ಕಾಲನ್ನೂ ನೋಡಿ, ಅಳೆದು, ಫೋಟೊ ತೆಗೆದು ಅವನು ಸಂಶೋಧನಾ ಲೇಖನ ಬರೆದ. ಹಿನ್ನೆಲೆ, ವಿಧಾನ, ಫಲಿತಾಂಶ, ಚರ್ಚೆ, ಎಲ್ಲ ಪತ್ರಿಕೆಯವರು ಹೇಳಿದ ಕ್ರಮದಲ್ಲೇ ಇತ್ತು. ಕಂಪ್ಯೂಟರಿನಲ್ಲಿ ಕಳಿಸಿ, ಹಬ್ಬ ಎದುರು ನೋಡುವವನ ಹಾಗೆ ಓಡಾಡಿಕೊಂಡಿದ್ದ.

ಉತ್ತರ ಬಂದಾಗ ಅಜ್ಜ ಹೊಳೆಯಲ್ಲಿ ಧೋತರ ಒಗೆಯುತ್ತಿದ್ದರು. ಇಂದುಧರ ಮೆಟ್ಟಿಲ ಮೇಲೆ ಬಂದು ನಿಂತ.

“ವಾಪಸ್ ಕಳಿಸ್ಯಾರ.”

“ಯಾಕ?”

“ಸೊಕ್ಕು, ಅಜ್ಜಾರ. ನಮ್ಮಂಥವರು ಬರದ್ರ ಅವರಿಗೆ ತಡಕೊಳ್ಳಾಕ ಆಗಂಗಿಲ್ಲ. ಫ್ಯಾನಿನ ಕೆಳಗ ಕುಂತು ಪ್ರಶ್ನಿ ಕೇಳ್ತಾರ.”

“ಏನ್ ಕೇಳ್ಯಾರ?”

“ಗುಣ ಆದವರದಷ್ಟ ಬರದೀರಿ. ಗುಣ ಆಗದವರು ಎಲ್ಲಿ ಅಂತ.”

ಅಜ್ಜ ಧೋತರ ಹಿಂಡಿದರು. “ಎಲ್ಲಿ ಅದಾರ?”

“ಯಾರು?”

“ಗುಣ ಆಗದವರು.”

ಇಂದುಧರ ತಡವರಿಸಿದ. “ಬಂದಾಗ ಹೆಸರು, ಊರು ಬರಕೊಂಡೀವಿ. ಗಂಟಿ ಬಾರಿಸದ ಹೋದವರನ್ನ ಆಮ್ಯಾಲೆ ಯಾರು ನೋಡ್ತಾರ್ರಿ?”

“ಹಂಗಾರ ಪ್ರಶ್ನಿ ಛಲೋ ಐತಿ.”

“ನೀವು ಅವರ ಕಡೀನೋ, ನನ್ನ ಕಡೀನೋ?”

ಅಜ್ಜ ದಡದ ಮೇಲಿದ್ದ ತಮ್ಮ ಚಪ್ಪಲಿ ಎತ್ತಿ ಅವನ ಮುಂದೆ ಇಟ್ಟರು.

“ನಿನ್ನವು ಹರದಾವ. ಇವನ್ನ ಮೆಟ್ಟಿಕೊಂಡು ಹೋಗು.”

ಗಂಟೆ ಬಾರಿಸದೆ ಹೋದವರ ಹೆಸರು, ಊರು ಬರೆದುಕೊಂಡು ಇಂದುಧರ ಸಿಟ್ಟಿನಲ್ಲೇ ಹೊರಟ. ಹೋದವರೆಲ್ಲ ಗುಣವಾಗಿ, ಗಂಟೆ ಬಾರಿಸುವುದನ್ನು ಮರೆತವರೇ ಇರುತ್ತಾರೆ ಅಂತ ಅವನ ಎಣಿಕೆ. ಅವರನ್ನೂ ಸೇರಿಸಿ ಬರೆದು ಪತ್ರಿಕೆಯವರ ಮುಖಕ್ಕೆ ಹಿಡಿಯಬೇಕು ಅಂತ ಆಸೆ.

ಸಿಟ್ಟು ಹೊತ್ತುಕೊಂಡು ಹೊರಟವನನ್ನು ದಾರಿ ಸುಮ್ಮನೆ ಬಿಡುವುದಿಲ್ಲ. ಎರೆಮಣ್ಣು ಕಾಲಿಗೆ ಅಂಟಿತು, ನಾಯಿಗಳು ಅಟ್ಟಿಸಿಕೊಂಡು ಬಂದವು, ಗುರುತಿಲ್ಲದ ಮಂದಿ ಕರೆದು ರೊಟ್ಟಿ ಕೊಟ್ಟರು. ಗುಣವಾಗಿ ಗಂಟೆ ಮರೆತವರೂ ಸಿಕ್ಕರು, ಇಲ್ಲ ಅಂತಲ್ಲ. ಆದರೆ ಅಲ್ಲೊಬ್ಬರು, ಇಲ್ಲೊಬ್ಬರು.

ಹೊಳೆಯಾಚೆಯ ನೀಲವ್ವ ಪಟ್ಟಿ ಬಿಚ್ಚಿ ಕಾಲು ತೋರಿಸಿದಳು. ಹುಣ್ಣು ಮೊದಲಿಗಿಂತ ಅಗಲವಾಗಿತ್ತು.

“ಯಾಕವ್ವಾ, ಒಂದು ಮಾತು ಹೇಳಬಾರದಿತ್ತೇನು?”

“ಏನಂತ ಹೇಳ್ಲೆಪ್ಪ. ಎಲ್ಲಾರೂ ಗಂಟಿ ಬಾರಿಸಿ ಹೋಗ್ತಿದ್ರು. ನಂದಷ್ಟ ಮಾಯಲಿಲ್ಲ. ನನ್ನ ಭಕ್ತಿನ ಕಡಿಮಿ ಬಿತ್ತು ಅಂದ್ಕೊಂಡೆ.”

ಅವನು ಅಲ್ಲೇ ಕೂತು ನೀರು ಕಾಯಿಸಿ ಹುಣ್ಣು ತೊಳೆದ. ಮಗನನ್ನು ಕರೆದು, ನಾಳೆ ಬೆಳಗಾದ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂತ ಹೇಳಿ ಎದ್ದ.

ಮುಂದಿನ ಊರಿನಲ್ಲಿ ಮಾಬುಸಾಬ. ಬಸ್ ನಿಲ್ದಾಣದ ಮಗ್ಗುಲಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವನು. ಆಶ್ರಮದ ಹೆಸರು ಹೇಳುತ್ತಲೇ ಕತ್ತರಿ ಕೆಳಗಿಟ್ಟ.

“ಓಹೋ, ಅಜ್ಜಾರ ಕಡಿಯವರು. ಕುಂದರ್ರಿ. ನಿಮ್ಮ ಎಣ್ಣಿ ವಾಸನಿ ಮಾತ್ರ ಭಾಳ ಛಲೋ ಇರ್ತಿತ್ತು ನೋಡ್ರಿ.”

ಇಂದುಧರ ಮಷೀನಿನ ಕೆಳಗೆ ನೋಡಿದ. ತುಳಿಯುವ ಪಟ್ಟಿಯ ಮೇಲೆ ಒಂದೇ ಪಾದ ಇತ್ತು. ಪೈಜಾಮದ ಇನ್ನೊಂದು ಕಾಲನ್ನು ಮೊಣಕಾಲಿಗೆ ಮಡಚಿ ಹೊಲಿದಿದ್ದ.

“ಸಕ್ಕರಿ ಬ್ಯಾನಿ ಇತ್ತಾ?”

“ಇತ್ತು. ಈಗೂ ಐತಿ. ಅದು ಕಾಲಿನ ಜೋಡಿ ಹೋಗಲಿಲ್ಲ.”

“ಆಸ್ಪತ್ರಿಯವರು ಏನಂದ್ರು?”

“ಮೊದಲ ಬಂದಿದ್ರ ಒಂದು ಬೆರಳಿನಾಗ ಮುಗೀತಿತ್ತು ಅಂದ್ರು. ಮೊದಲ ನಾ ನಿಮ್ಮಲ್ಲಿ ಇದ್ದೆ.”

ಮಾಬುಸಾಬ ಬಾಗಿ ನೀರಿನ ತಂಬಿಗೆ ಅವನ ಕಡೆ ಸರಿಸಿದ.

“ಹೊಂಟಾಗರ ನಮಗ ಹೇಳಬೇಕಿತ್ತು,” ಅಂದ ಇಂದುಧರ.

“ಗುಣ ಆದ್ರ ಗಂಟಿ ಬಾರಿಸ್ರಿ ಅಂತ ಹೇಳಿದ್ರಿ. ಆಗದಿದ್ರ ಏನ್ ಬಾರಿಸಬೇಕು ಅಂತ ಯಾರೂ ಹೇಳಲಿಲ್ಲಲ್ಲ.”

“ಇದನ್ನ ನಾ ಬರೀತೀನಿ. ನಿಮ್ಮ ಹೆಸರು ಹಾಕಂಗಿಲ್ಲ.”

“ಹಾಕ್ರಿ ಬೇಕಾದ್ರ. ಕಾಲು ಹೋದಮ್ಯಾಲೆ ಹೆಸರು ಮುಚ್ಚಿಟ್ಟು ಏನ್ ಮಾಡ್ಲಿ.”

ಆಮೇಲೆ ಅವನು ಹೋದ ಮನೆಗಳಲ್ಲಿ ಅದೇ ಕಥೆ ಇನ್ನೂ ಕೆಲವು ಸಲ ಕೇಳಿಸಿತು. ಗಂಟೆ ಬಾರಿಸಿದವರನ್ನೂ ಸೇರಿಸಿ ವಿಚಾರಿಸಿದರೂ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಮಾಯ್ದವರು ಒಬ್ಬರೂ ಸಿಗಲಿಲ್ಲ.

ಆಶ್ರಮಕ್ಕೆ ವಾಪಸು ಬಂದವನು ಚೀಲ ಇಳಿಸಿದ್ದೇ ಲೇಖನ ಮತ್ತೆ ಬರೆಯಲು ಕೂತ. ಎಲ್ಲರನ್ನೂ ಸೇರಿಸಿದ. ಕೊನೆಯಲ್ಲಿ ಬರೆದ: ಸಕ್ಕರೆ ಕಾಯಿಲೆ ಇರುವವರ ಹುಣ್ಣಿಗೆ ಈ ಎಣ್ಣೆಯಿಂದ ಉಪಯೋಗ ಕಾಣಲಿಲ್ಲ. ಇದನ್ನು ಹಚ್ಚುತ್ತ ಕಾದದ್ದರಿಂದ ಕೆಲವರು ಕಾಲು ಕಳೆದುಕೊಂಡರು.

ಈ ಎರಡು ವಾಕ್ಯಕ್ಕೆ ಹಿಡಿದಷ್ಟು ಹೊತ್ತು ಉಳಿದ ಲೇಖನಕ್ಕೆಲ್ಲ ಹಿಡಿದಿರಲಿಲ್ಲ.

ಆಶ್ರಮದ ಕಾರುಬಾರು ನೋಡುವ ಗದಿಗೆಪ್ಪ ಬಗ್ಗಿ ಓದಿದ. ಮುಖ ಬಿಗಿಯಿತು.

“ಇದನ್ನ ಕಳಿಸ್ತೀಯೇನು?”

“ಕಳಿಸ್ತೀನಿ.”

“ಹುಚ್ಚ. ಇಷ್ಟೆಲ್ಲ ಯಾಕ ಬೇಕು? ಪಥ್ಯ ಮುರದವರನ್ನ ಲೆಕ್ಕಕ್ಕ ಹಿಡದಿಲ್ಲ ಅಂತ ಒಂದು ಸಾಲು ಬರಿ. ಮುಗೀತು.”

“ಅವರು ಪಥ್ಯ ಮುರದಾರಂತ ನಿಮಗ ಹೆಂಗ ಗೊತ್ತು?”

“ಗುಣ ಆಗಿಲ್ಲಲ್ಲ.”

“ಗುಣ ಆಗದ್ದಕ್ಕ ಪಥ್ಯ ಮುರದಾರ. ಪಥ್ಯ ಮುರದಾರ ಅಂತ ಲೆಕ್ಕದಾಗಿಲ್ಲ. ಲೆಕ್ಕದಾಗಿಲ್ಲ ಅಂತ ಎಲ್ಲಾರೂ ಗುಣ ಆಗ್ಯಾರ. ಛಲೋ ಗಾಣ ಕಟ್ಟೀರಿ, ಗದಿಗೆಪ್ಪನವರ. ಎತ್ತು ಮಾತ್ರ ನಾ ಆಗಂಗಿಲ್ಲ.”

“ಅನ್ನ ಹಾಕಿದ ಜಾಗಾಕ್ಕ ಎದುರು ಮಾತಾಡ್ತೀಯಲ್ಲೋ.”

“ಅನ್ನಕ್ಕ ಕೈ ಮುಗೀತೀನಿ. ಆ ಸಾಲು ಬರಿಯಂಗಿಲ್ಲ.”

“ಹಂಗಾರ ಗಂಟು ಕಟ್ಟು. ಇದು ಹೊರಗ ಬಿದ್ದ ದಿನ ನೀ ಇಲ್ಲಿ ಇರಂಗಿಲ್ಲ.”

ಇಂದುಧರ ಅಷ್ಟು ಹೊತ್ತಿಗೇ ಅಂಗಿಗಳನ್ನು ಚೀಲಕ್ಕೆ ತುಂಬಲು ಶುರು ಮಾಡಿದ್ದ.

ಹೊರಡುವ ಮುಂಚೆ ಅಜ್ಜನಿಗೆ ಓದಿ ಹೇಳಬೇಕು. ಅದೊಂದೇ ಉಳಿದಿತ್ತು. ಗದಿಗೆಪ್ಪನೂ ಹಿಂದೆಯೇ ಬಂದ.

ಅಜ್ಜ ಒಲೆಯ ಮುಂದೆ ಇದ್ದರು. ಕೊಪ್ಪರಿಗೆಯಲ್ಲಿ ಎಣ್ಣೆ ಕಾಯುತ್ತಿತ್ತು. ಇಂದುಧರ ನಿಂತುಕೊಂಡೇ ಓದಿದ. ಅಜ್ಜ ಕೇಳುತ್ತ ಎಣ್ಣೆ ತಿರುವುತ್ತಿದ್ದರು. ಕೊನೆಯ ಎರಡು ವಾಕ್ಯ ಬಂದಾಗ ಅವರ ಕೈ ನಿಂತಿತು.

“ಯಾರ ಕಾಲು ಹೋತು?”

“ಹೊಲಿಗಿ ಮಾಬುಸಾಬಂದು. ಇನ್ನೂ ಕೆಲವರದು.”

“ಮಾಬುಸಾಬಂದು.” ಅಜ್ಜ ಸೌಟನ್ನು ಕೊಪ್ಪರಿಗೆಯ ಅಂಚಿಗೆ ಒರಗಿಸಿದರು. “ಇದು ನಮ್ಮ ಗುರುಗಳ ಕೈಯಿಂದ ಬಂದ ಎಣ್ಣಿ.”

“ಗೊತ್ತೈತ್ರಿ.”

“ಅವರು ಕಣ್ಣು ಮುಚ್ಚೂ ಮುಂದ ನನಗ ಕೊಟ್ಟಿದ್ದು ಇದೊಂದ.”

“ಗೊತ್ತೈತ್ರಿ.”

“ಕಳಿಸಬ್ಯಾಡ ಅಂದ್ರ?”

ಇಂದುಧರ ಕೈಯಲ್ಲಿದ್ದ ಹಾಳೆ ಮಡಚಿದ. ಅದನ್ನು ಎದೆಗೆ ಒತ್ತಿಕೊಂಡ.

“ಕಳಿಸ್ತೀನ್ರಿ.”

“ನಾ ಹೇಳಿದ್ರೂ?”

“ನೀವು ಹೇಳಿದ್ರೂ, ಅಜ್ಜಾರ. ಬಾಗಿಲಾಗ ಈಗೂ ಇಬ್ಬರು ಕುಂತಾರ. ಅವರಾಗ ಒಬ್ಬಾಕಿಗೆ ಸಕ್ಕರಿ ಐತಿ. ನೀವು ಸಿಟ್ಟು ಮಾಡಿಕೊಂಡ್ರ ನಾ ತಡಕೊಳ್ತೀನಿ. ಅಕೀ ಕಾಲು ತಡಕೊಳ್ಳಂಗಿಲ್ಲ.”

ಗದಿಗೆಪ್ಪ ಅಜ್ಜನ ಮುಖ ನೋಡಿದ. ಈಗ ಬೈಗುಳ ಬೀಳುತ್ತದೆ ಅಂತ ಕಾದ.

ಅಜ್ಜ ಬಗ್ಗಿ ಒಲೆಯೊಳಗಿನ ಕಟ್ಟಿಗೆ ಹೊರಗೆಳೆದರು. ಒಂದೊಂದನ್ನೇ ಬೂದಿಗೆ ಒತ್ತಿ ಆರಿಸಿದರು. ಕೊಪ್ಪರಿಗೆಯ ಸದ್ದು ಇಳಿಯಿತು.

“ಆಕೀನ ಆಸ್ಪತ್ರಿಗೆ ಕರಕೊಂಡು ಹೋಗಾಕ ಗಾಡಿ ಹೂಡಸು, ಗದಿಗೆಪ್ಪ.”

ಗದಿಗೆಪ್ಪ ಅಲುಗಾಡಲಿಲ್ಲ.

ಅಜ್ಜ ಇಂದುಧರನ ಕಡೆ ತಿರುಗಿದರು. “ಮೊದಲನೇ ಪುಟ ಮತ್ತ ಓದು.”

ಅವನು ಲೇಖನದ ಹೆಸರು ಓದಿದ. ಬರೆದವರ ಜಾಗದಲ್ಲಿ ಇದ್ದ ತನ್ನ ಹೆಸರು ಓದಿದ. ಅಲ್ಲಿಗೆ ನಿಲ್ಲಿಸಿದ.

“ಆಮ್ಯಾಲೆ?”

“ಅಷ್ಟರಿ.”

“ಹೋದ ಸಲ ಕಳಿಸಿದ್ದರಾಗ ನಂದೂ ಇತ್ತಲ್ಲ.”

“ತಗದೀನ್ರಿ. ಮಂದಿ ಬೈದ್ರ ನನಗ ಬೈಲಿ. ನಿಮ್ಮ ತನಕ ಬರಬಾರದು ಅಂತ.”

ಅಜ್ಜನ ಕಣ್ಣು ಕೆಂಪಾದವು. ಇಂದುಧರ ಅವರನ್ನು ಅಷ್ಟು ಸಿಟ್ಟಿನಲ್ಲಿ ಎಂದೂ ನೋಡಿರಲಿಲ್ಲ.

ಗದಿಗೆಪ್ಪ ನಡುವೆ ಬಾಯಿ ಹಾಕಿದ. “ಅವ ಮಾಡಿದ್ದು ಇದೊಂದು ಸರಿ ಐತ್ರಿ. ನಿಮ್ಮ ಹೆಸರು ಅದರಾಗ ಬ್ಯಾಡ. ಇಷ್ಟು ವರ್ಷದ ಮರ್ಯಾದಿ.”

ಅಜ್ಜ ತಮ್ಮ ಎಣ್ಣೆಗೈಯನ್ನು ಇಂದುಧರನ ಮುಂದೆ ಚಾಚಿದರು.

“ಮಾಬುಸಾಬನ ಕಾಲಿಗೆ ಹಚ್ಚಿದ ಕೈ ಇದು, ನಿಂದಲ್ಲ. ಹೆಸರು ಬರಿ.”